ಎಣಿಕೆಯೂ ಎಲ್ಲೆಯೂ

ಚುನಾವಣೆಯ ಫಲಿತಾಂಶ ಪ್ರಕಟವಾಗುವ ದಿನ ನಮ್ಮ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಯಾರು ಗೆದ್ದರು? ಮಧ್ಯಾಹ್ನದ ಊಟದ ಹೊತ್ತಿಗೆ ಅದಕ್ಕೆ ಉತ್ತರ ದೊರೆತಿರುತ್ತದೆ. ಅಲ್ಲಿಗೆ ಪ್ರಜೆಗಳಾಗಿ ನಮ್ಮ ಕೆಲಸ ಮುಗಿಯಿತೆಂದು ಭಾವಿಸಿ ಟಿ.ವಿ. ಆರಿಸಿ ಏಳುತ್ತೇವೆ. ಆದರೆ ಪ್ರಿಯ ಓದುಗರೇ, ಇದಕ್ಕಿಂತ ಹಿರಿದಾದ ಎರಡು ಪ್ರಶ್ನೆಗಳು ಆ ದಿನ ಕೇಳದೆಯೇ ಉಳಿದುಹೋಗುತ್ತವೆ. ಗೆದ್ದವರು ನಿಜವಾಗಿಯೂ ಬಹುಮತ ಪಡೆದವರೇ ಎಂಬುದು ಒಂದು. ಗೆದ್ದ ಮಾತ್ರಕ್ಕೆ ಅವರು ಏನನ್ನು ಬೇಕಾದರೂ ಮಾಡಬಹುದೇ ಎಂಬುದು ಇನ್ನೊಂದು. ಮೊದಲನೆಯದು ಎಣಿಕೆಯ ಪ್ರಶ್ನೆ, ಎರಡನೆಯದು ಎಲ್ಲೆಯ ಪ್ರಶ್ನೆ. ರಾಜ್ಯಶಾಸ್ತ್ರದ ಪಠ್ಯಗಳಲ್ಲಿ ಇವೆರಡೂ ಬೇರೆ ಬೇರೆ ಅಧ್ಯಾಯಗಳಲ್ಲಿ ಬರುತ್ತವೆ. ಬದುಕಿನಲ್ಲಿ ಮಾತ್ರ ಒಂದು ಇನ್ನೊಂದರ ಬೆನ್ನಿಗೇ ಇರುತ್ತದೆ. ನಮ್ಮಂತಹ ಸಣ್ಣ ಸಮುದಾಯಗಳವರು ಎರಡರಲ್ಲಿ ಯಾವುದನ್ನು ಮೊದಲು ಕಾಯಬೇಕೆಂಬುದನ್ನು ಯೋಚಿಸಿ ನೋಡುವುದು ಅಗತ್ಯ.

ಎಣಿಕೆಯಿಂದಲೇ ಆರಂಭಿಸೋಣ. ನಿಮ್ಮ ಧರ್ಮಕೇಂದ್ರದ ಪಾಲನಾ ಪರಿಷತ್ತಿಗೆ ಒಂದು ವಾರ್ಡಿನಿಂದ ಒಬ್ಬರನ್ನು ಆರಿಸಬೇಕಾಗಿದೆಯೆಂದು ಇಟ್ಟುಕೊಳ್ಳಿ. 50 ಕುಟುಂಬಗಳು, ಮನೆಗೊಂದು ಮತ, ಮೂವರು ಉಮೇದುವಾರರು. ಒಬ್ಬರಿಗೆ 20 ಮತಗಳು, ಮತ್ತೊಬ್ಬರಿಗೆ 17, ಮೂರನೆಯವರಿಗೆ 13. ಇಪ್ಪತ್ತು ಪಡೆದವರು ಗೆದ್ದರು. ಮೂವತ್ತು ಮನೆಗಳವರು ಅವರನ್ನು ಬಯಸಿರಲಿಲ್ಲವೆಂಬುದು ದಾಖಲೆಯಲ್ಲಿ ಎಲ್ಲಿಯೂ ಉಳಿಯುವುದಿಲ್ಲ. ಹತ್ತು ವಾರ್ಡುಗಳಲ್ಲಿಯೂ ಮತ ಹೀಗೆಯೇ ಬಿದ್ದರೆ, ನೂರಕ್ಕೆ 40 ಮನೆಗಳ ಬೆಂಬಲವುಳ್ಳ ಬಣವೊಂದು ಹತ್ತಕ್ಕೆ ಹತ್ತು ಸ್ಥಾನಗಳನ್ನೂ ಪಡೆಯುತ್ತದೆ. ಯಾರೂ ಮೋಸ ಮಾಡಿಲ್ಲ. ಮತಪೆಟ್ಟಿಗೆಯನ್ನು ಯಾರೂ ಮುಟ್ಟಿಲ್ಲ. ಎಣಿಸುವ ಕ್ರಮವೇ ಹಾಗಿದೆ.

ನಮ್ಮ ವಿಧಾನಸಭೆಗೂ ಲೋಕಸಭೆಗೂ ನಡೆಯುವುದು ಇದೇ ಕ್ರಮದ ಚುನಾವಣೆ. ಕ್ಷೇತ್ರದಲ್ಲಿ ಉಳಿದೆಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವರು ಆ ಕ್ಷೇತ್ರದ ಸರ್ವಸ್ವ. 2018ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಶೇಕಡ 38ರಷ್ಟು ಮತಗಳು ಬಂದವು, ಸ್ಥಾನಗಳು 80. ಭಾರತೀಯ ಜನತಾ ಪಕ್ಷಕ್ಕೆ ಶೇಕಡ 36ರಷ್ಟು ಮತಗಳು, ಸ್ಥಾನಗಳು 104. ಹೆಚ್ಚು ಮತ ಪಡೆದ ಪಕ್ಷಕ್ಕೆ ಕಡಿಮೆ ಸ್ಥಾನ. 2014ರ ಲೋಕಸಭಾ ಚುನಾವಣೆಯಲ್ಲಿ ಶೇಕಡ 31ರಷ್ಟು ಮತ ಪಡೆದ ಪಕ್ಷಕ್ಕೆ 543ರಲ್ಲಿ 282 ಸ್ಥಾನಗಳು ದೊರೆತವು. ಅದೇ ಚುನಾವಣೆಯಲ್ಲಿ ದೇಶದಾದ್ಯಂತ ಶೇಕಡ 4ಕ್ಕೂ ಹೆಚ್ಚು ಮತ ಗಳಿಸಿ, ಮತಗಳಿಕೆಯಲ್ಲಿ ಮೂರನೆಯ ಸ್ಥಾನದಲ್ಲಿ ನಿಂತ ಬಹುಜನ ಸಮಾಜ ಪಕ್ಷಕ್ಕೆ ಒಂದೇ ಒಂದು ಸ್ಥಾನವೂ ಬರಲಿಲ್ಲ. ಇದರಲ್ಲಿ ಯಾವುದೇ ಒಂದು ಪಕ್ಷದ ದೋಷವನ್ನು ಹುಡುಕಬೇಕಾಗಿಲ್ಲ. ಈ ಕ್ರಮದ ಲಾಭವನ್ನು ನಮ್ಮ ದೊಡ್ಡ ಪಕ್ಷಗಳೆಲ್ಲವೂ ಸರದಿಯಂತೆ ಉಂಡಿವೆ.

ಬೇರೆ ಕ್ರಮಗಳಿಲ್ಲವೇ? ಇವೆ. ಪಕ್ಷವೊಂದು ಪಡೆದ ಮತಗಳ ಪ್ರಮಾಣಕ್ಕೆ ಸರಿಯಾಗಿ ಸ್ಥಾನಗಳನ್ನು ಹಂಚುವ ಪ್ರಮಾಣಾನುಗುಣ ಪ್ರಾತಿನಿಧ್ಯವಿದೆ. ಎರಡನ್ನೂ ಬೆರೆಸಿದ ಮಿಶ್ರ ಪದ್ಧತಿಯಿದೆ. ಮೊದಲ ಆಯ್ಕೆ, ಎರಡನೆಯ ಆಯ್ಕೆ ಎಂದು ಉಮೇದುವಾರರ ಹೆಸರಿನ ಮುಂದೆ ಅಂಕಿ ಬರೆಯುವ ಪದ್ಧತಿಯಿದೆ. ಸಂವಿಧಾನ ರಚನಾ ಸಭೆಯಲ್ಲಿ 1949ರ ಜನವರಿಯಲ್ಲಿಯೇ ಈ ಬಗ್ಗೆ ಚರ್ಚೆ ನಡೆದಿತ್ತು. ಅಲ್ಪಸಂಖ್ಯಾತರ ದನಿ ಅಡಗಿಹೋಗದಿರಲು ಪ್ರಮಾಣಾನುಗುಣ ಪ್ರಾತಿನಿಧ್ಯವೇ ಬೇಕೆಂದು ಕೆಲವು ಸದಸ್ಯರು ತಿದ್ದುಪಡಿಗಳನ್ನು ಮಂಡಿಸಿದರು. ಡಾ. ಅಂಬೇಡ್ಕರ್ ಅವರು ಒಪ್ಪಲಿಲ್ಲ. ಈ ಪದ್ಧತಿಗೆ ವ್ಯಾಪಕವಾದ ಅಕ್ಷರಜ್ಞಾನ ಬೇಕು, ನಮ್ಮ ಜನರಲ್ಲಿ ಅದಿಲ್ಲ ಎಂಬುದು ಅವರ ಒಂದು ಕಾರಣ. ಶಾಸನಸಭೆಯು ಚೂರುಚೂರಾಗಿ, ಸರ್ಕಾರವು ನಿಲ್ಲದೆ ಬೀಳುತ್ತಾ ಹೋದೀತೆಂಬುದು ಇನ್ನೊಂದು.

ಮೊದಲನೆಯ ಕಾರಣ ಇಂದು ಬಹುಮಟ್ಟಿಗೆ ಸವೆದಿದೆ. 1951ರಲ್ಲಿ ದೇಶದ ಸಾಕ್ಷರತೆ ಶೇಕಡ 18ರಷ್ಟಿತ್ತು, 2011ರಲ್ಲಿ ಅದು 74. ನಮ್ಮ ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿ ಮತ ಹಾಕಿರುವ ನಿಮ್ಮಲ್ಲಿ ಹಲವರು 1, 2, 3 ಎಂದು ಅಂಕಿ ಬರೆದು ಬಂದವರೇ. ನಿಮ್ಮ ಒಂದನೆಯ ಆಯ್ಕೆಯವರು ಗೆಲ್ಲದಿದ್ದರೆ ಮತ ವ್ಯರ್ಥವಾಗದೆ ಎರಡನೆಯವರಿಗೆ ಸಲ್ಲುವ ಆ ಕ್ರಮದಲ್ಲಿ ಅರ್ಥವಾಗದ ಮಂತ್ರವೇನೂ ಇಲ್ಲ. ಎರಡನೆಯ ಕಾರಣವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಯಾರಿಗೂ ಬಹುಮತ ಬಾರದ ಸಭೆಯಲ್ಲಿ ಏನೇನು ನಡೆಯುತ್ತದೆಂಬುದನ್ನು ಕರ್ನಾಟಕದವರಿಗೆ ಹೇಳಿಕೊಡಬೇಕಾಗಿಲ್ಲ. ಶಾಸಕರನ್ನು ಬಸ್ಸಿನಲ್ಲಿ ಕೂರಿಸಿ ರೆಸಾರ್ಟಿಗೆ ಸಾಗಿಸುವುದನ್ನು ನಾವು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇವೆ.

ಇಲ್ಲೊಂದು ಆಸೆ ಹುಟ್ಟುವುದು ಸಹಜ. ಮತಕ್ಕೆ ತಕ್ಕ ಸ್ಥಾನವೆಂಬ ನಿಯಮ ಬಂದರೆ ನಮ್ಮವರಿಗೂ ಒಂದಿಷ್ಟು ಸ್ಥಾನಗಳು ಸಿಗಲಾರವೇ? ಲೆಕ್ಕ ಹಾಕಿಯೇ ನೋಡೋಣ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಶೇಕಡ 1.87. ವಿಧಾನಸಭೆಯ ಚುನಾಯಿತ ಸ್ಥಾನಗಳು 224. ಎಲ್ಲ ಕ್ರೈಸ್ತರೂ ಒಂದೇ ಪಟ್ಟಿಗೆ ಮತ ಹಾಕಿದರೂ (ನಮ್ಮ ಒಗ್ಗಟ್ಟಿನ ಪರಿಚಯವುಳ್ಳವರು ಇದನ್ನು ಓದಿ ಮುಗುಳ್ನಗಬಹುದು) ಅತ್ಯಂತ ನ್ಯಾಯವಾದ ಎಣಿಕೆ ನಮಗೆ ಕೊಡುವುದು ನಾಲ್ಕು ಸ್ಥಾನ. ಜರ್ಮನಿಯಲ್ಲಿಯೂ ನ್ಯೂಜಿಲೆಂಡಿನಲ್ಲಿಯೂ ಇರುವಂತೆ ಶೇಕಡ 5ಕ್ಕಿಂತ ಕಡಿಮೆ ಮತ ಪಡೆದ ಪಕ್ಷಕ್ಕೆ ಪಟ್ಟಿಯಿಂದ ಪಾಲಿಲ್ಲವೆಂಬ ನಿಯಮ ಸೇರಿದರೆ ಆ ನಾಲ್ಕೂ ಇಲ್ಲ. ಇದ್ದರೂ ನಾಲ್ವರು 220 ಮಂದಿಯ ಎದುರಿಗೆ ಕುಳಿತು ಏನನ್ನು ತಡೆಯಬಲ್ಲರು? ಒಳ್ಳೆಯ ಭಾಷಣ ಮಾಡಬಹುದು.

ಈ ಲೆಕ್ಕವನ್ನು ನಮಗಿಂತ ಮೊದಲೇ ಮಾಡಿ ಮುಗಿಸಿದವರಿದ್ದಾರೆ. 1947ರ ಆಗಸ್ಟ್ ತಿಂಗಳಲ್ಲಿ ಸಂವಿಧಾನ ರಚನಾ ಸಭೆಯು ಪ್ರತ್ಯೇಕ ಮತಕ್ಷೇತ್ರಗಳನ್ನು ಕೈಬಿಟ್ಟರೂ, ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಸ್ಥಾನಗಳನ್ನು ಕಾದಿರಿಸಲು ಒಪ್ಪಿತ್ತು. ಕ್ರೈಸ್ತರೂ ಅದರಲ್ಲಿದ್ದರು. 1949ರ ಮೇ ತಿಂಗಳಲ್ಲಿ ಆ ಏರ್ಪಾಟನ್ನು ಹಿಂದೆಗೆದುಕೊಳ್ಳುವ ನಿರ್ಣಯವಾಯಿತು. ಅದಕ್ಕೆ ಮುಂದಾಳಾಗಿ ನಿಂತವರು ಸಭೆಯ ಉಪಾಧ್ಯಕ್ಷರಾಗಿದ್ದ, ಬಂಗಾಳದ ಕ್ರೈಸ್ತರಾದ ಹರೇಂದ್ರ ಕುಮಾರ್ ಮುಖರ್ಜಿಯವರು. ಮಂಗಳೂರಿನಲ್ಲಿ ಜನಿಸಿ, ಮದ್ರಾಸಿನಿಂದ ಸಭೆಗೆ ಬಂದಿದ್ದ ಯೇಸು ಸಭೆಯ ವಂದನೀಯ ಫಾದರ್ ಜೆರೋಮ್ ಡಿಸೋಜರು ಸಮ್ಮತಿಸಿದವರಲ್ಲಿ ಒಬ್ಬರು. ಅವರು ಬರಿಗೈಯಲ್ಲಿ ಎದ್ದುಬರಲಿಲ್ಲ. ಅಂತಃಸಾಕ್ಷಿಯ ಸ್ವಾತಂತ್ರ್ಯ, ಧರ್ಮವನ್ನು ಆಚರಿಸುವ ಮತ್ತು ಪ್ರಸಾರ ಮಾಡುವ ಹಕ್ಕು, ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಇವೆಲ್ಲ ಮೂಲಭೂತ ಹಕ್ಕುಗಳಾಗಿ ಸಂವಿಧಾನದಲ್ಲಿ ಸೇರಿದ್ದವು. ಅಂದರೆ ಸ್ಥಾನಗಳನ್ನು ಬಿಟ್ಟುಕೊಟ್ಟು ಎಲ್ಲೆಯನ್ನು ಪಡೆದುಕೊಂಡರು. ಯಾವ ಪಕ್ಷ ಗೆದ್ದರೂ ದಾಟಲಾಗದ ಗೆರೆಯೊಂದಿದ್ದರೆ, ಗೆದ್ದವರಲ್ಲಿ ನಮ್ಮವರೆಷ್ಟು ಎಂಬ ಲೆಕ್ಕ ಅಷ್ಟೊಂದು ಮುಖ್ಯವಾಗದು ಎಂಬುದು ಆ ವ್ಯವಹಾರದ ತಿರುಳು.

ಅದು ಒಳ್ಳೆಯ ವ್ಯವಹಾರವಾಗಿತ್ತೇ? ಎಲ್ಲೆಯು ನಿಂತಿರುವಷ್ಟು ಕಾಲ ಹೌದು. ಬಿದ್ದರೆ ನಮ್ಮ ಕೈಯಲ್ಲಿ ಸ್ಥಾನವೂ ಇಲ್ಲ, ಗೆರೆಯೂ ಇಲ್ಲ. ಅದಕ್ಕಾಗಿಯೇ ಎಲ್ಲೆಯು ಬೀಳುವುದು ಹೇಗೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಅದನ್ನು ನೋಡಲು ಜರ್ಮನಿಗೆ ಹೋಗೋಣ. 1919ರಲ್ಲಿ ಅಲ್ಲಿ ಜಾರಿಗೆ ಬಂದ ವೈಮಾರ್ ಸಂವಿಧಾನದ ಎಣಿಕೆಯಷ್ಟು ನ್ಯಾಯವಾದ ಎಣಿಕೆ ಮತ್ತೊಂದಿರಲಿಲ್ಲ. 60,000 ಮತಗಳಿಗೆ ಒಂದು ಸ್ಥಾನ, ಸಣ್ಣ ಪಕ್ಷವೆಂದು ಯಾರನ್ನೂ ಹೊರಗಿಡುತ್ತಿರಲಿಲ್ಲ. ಕಥೋಲಿಕರಿಗೆ ಅಲ್ಲಿ ತಮ್ಮದೇ ಪಕ್ಷವಿತ್ತು, ಹೆಸರು ಸೆಂಟರ್ ಪಕ್ಷ. 1933ರ ಮಾರ್ಚ್ 5ರ ಚುನಾವಣೆಯಲ್ಲಿ ಭಯ, ಬೆದರಿಕೆ, ಬಂಧನಗಳ ನಡುವೆಯೂ ಹಿಟ್ಲರನ ಪಕ್ಷಕ್ಕೆ ದೊರೆತದ್ದು ಶೇಕಡ 43.9ರಷ್ಟು ಮತ ಮಾತ್ರ. ಆದರೆ ಅವನಿಗೆ ಬೇಕಾಗಿದ್ದದ್ದು ಸಂಸತ್ತನ್ನು ಕೇಳದೆ, ಸಂವಿಧಾನವನ್ನೂ ಮೀರಿ ಶಾಸನ ಮಾಡುವ ಅಧಿಕಾರ. ಅದಕ್ಕೆ ಮೂರನೆಯ ಎರಡರಷ್ಟು ಮತಗಳು ಬೇಕಾಗಿದ್ದವು. ಕಮ್ಯುನಿಸ್ಟ್ ಸದಸ್ಯರು ಸೆರೆಮನೆಯಲ್ಲಿದ್ದರು, ಇಲ್ಲವೇ ತಲೆಮರೆಸಿಕೊಂಡಿದ್ದರು. ಉಳಿದ ದಾರಿ ಸೆಂಟರ್ ಪಕ್ಷದ ಬೆಂಬಲ.

ಆ ಪಕ್ಷದ ನಾಯಕರು ಸ್ವತಃ ಗುರುಗಳಾಗಿದ್ದ ಲುಡ್ವಿಗ್ ಕಾಸ್. ನಿಮ್ಮ ಶಾಲೆಗಳನ್ನು, ನಿಮ್ಮ ಧರ್ಮಸಭೆಯ ಹಕ್ಕುಗಳನ್ನು ಮುಟ್ಟುವುದಿಲ್ಲವೆಂದು ಅವರಿಗೆ ಭರವಸೆ ದೊರೆಯಿತು. ಅದನ್ನು ಪತ್ರದ ಮೂಲಕ ಖಚಿತಪಡಿಸುವುದಾಗಿಯೂ ಹೇಳಲಾಯಿತು. ಪಕ್ಷದ ಒಳಸಭೆಯಲ್ಲಿ ಮಾಜಿ ಪ್ರಧಾನಿ ಬ್ರೂನಿಂಗ್ ಮೊದಲಾದ ಕೆಲವರು ವಿರೋಧಿಸಿದರು, ಕೊನೆಗೆ ಅವರೂ ಪಕ್ಷದ ತೀರ್ಮಾನಕ್ಕೆ ತಲೆಬಾಗಿದರು. ಮಾರ್ಚ್ 23ರಂದು 444 ಮತಗಳು ಪರವಾಗಿ, 94 ವಿರುದ್ಧವಾಗಿ ಬಿದ್ದವು. ಆ 94 ಮತಗಳೂ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದವು. ಕಾಸ್ ಅವರಿಗೆ ಬರಬೇಕಾಗಿದ್ದ ಪತ್ರ ಬರಲೇ ಇಲ್ಲ. ಜುಲೈ ತಿಂಗಳಲ್ಲಿ ಸೆಂಟರ್ ಪಕ್ಷವು ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಮುಂದಿನದು ನಿಮಗೆ ತಿಳಿದಿದೆ.

ಈ ಘಟನೆಯನ್ನು ಓದುವಾಗ ಕಾಸ್ ಅವರನ್ನು ದೂಷಿಸಿ ಮುಗಿಸುವುದು ಸುಲಭ. ಅವರ ಜಾಗದಲ್ಲಿ ನಿಂತು ನೋಡಿ. ಎದುರಿಗಿರುವವನು ಹೇಗಿದ್ದರೂ ಅಧಿಕಾರ ಹಿಡಿಯುವವನೇ, ಹಟ ಮಾಡಿದರೆ ನಮ್ಮ ಶಾಲೆಗಳಿಗೆ, ಸಂಘಗಳಿಗೆ, ನೌಕರಿಯಲ್ಲಿರುವ ನಮ್ಮವರಿಗೆ ಕುತ್ತು, ಒಪ್ಪಿದರೆ ಅವಾದರೂ ಉಳಿದಾವು. ಸಣ್ಣ ಸಮುದಾಯಗಳ ಮುಖಂಡರು ಎಲ್ಲ ಕಾಲದಲ್ಲಿಯೂ ಮಾಡುವ ಯೋಚನೆ ಇದು. ಆಡಳಿತಗಾರರೊಂದಿಗೆ ಹೊಂದಿಕೊಂಡು ನಮ್ಮ ಸಂಸ್ಥೆಗಳನ್ನು ಕಾಪಾಡಿಕೊಳ್ಳೋಣ ಎಂಬ ಮಾತನ್ನು ನೀವೂ ಕೇಳಿದ್ದೀರಿ. ಎಲ್ಲರ ಪಾಲಿನ ಎಲ್ಲೆಯನ್ನು ಅಳಿಸಲು ಕೈಯೆತ್ತಿ, ನಮ್ಮ ಪಾಲಿಗೆ ಮಾತ್ರ ಒಂದು ಖಾಸಗಿ ಎಲ್ಲೆಯನ್ನು ಬೇಡಿದ್ದೇ ಅಲ್ಲಿ ನಡೆದ ತಪ್ಪು. ಅಂತಹ ಎಲ್ಲೆ ಅಧಿಕಾರಸ್ಥನ ಬಾಯಿಮಾತಾಗಿ ಉಳಿಯುತ್ತದೆ, ಕಾನೂನಾಗುವುದಿಲ್ಲ.

ಯುದ್ಧಾನಂತರ ಪಶ್ಚಿಮ ಜರ್ಮನಿಯು 1949ರಲ್ಲಿ ಹೊಸ ಸಂವಿಧಾನ ಬರೆದಾಗ, ಎಷ್ಟೇ ದೊಡ್ಡ ಬಹುಮತವಿದ್ದರೂ ತಿದ್ದಲಾಗದ ಕೆಲವು ಅಂಶಗಳಿವೆಯೆಂದು ಅದರ 79ನೆಯ ವಿಧಿಯಲ್ಲಿಯೇ ಸೇರಿಸಿತು. ಮನುಷ್ಯನ ಘನತೆ ಅವುಗಳಲ್ಲಿ ಮೊದಲನೆಯದು. ಈ ವಿಚಾರದ ಬೀಜ ನಮ್ಮ ನೆಲಕ್ಕೆ ಬಂದ ಬಗೆ ಸ್ವಾರಸ್ಯಕರವಾಗಿದೆ. 1965ರಲ್ಲಿ ಜರ್ಮನಿಯ ನ್ಯಾಯಶಾಸ್ತ್ರಜ್ಞ ಡೀಟ್ರಿಶ್ ಕಾನ್ರಾಡ್ ಎಂಬವರು ಬನಾರಸಿನಲ್ಲಿ ಸಂವಿಧಾನ ತಿದ್ದುಪಡಿಗೆ ಇರಬೇಕಾದ ಮಿತಿಗಳನ್ನು ಕುರಿತು ಉಪನ್ಯಾಸ ನೀಡಿದರು. ಅದು ಕೈಯಿಂದ ಕೈಗೆ ಹೋಗಿ ವಕೀಲರಾದ ನಾನಿ ಪಾಲ್ಖೀವಾಲಾ ಅವರನ್ನು ಮುಟ್ಟಿತು. ಅವರು ಅದನ್ನು ಬಳಸಿಕೊಂಡ ಮೊಕದ್ದಮೆಯ ಅರ್ಜಿದಾರರು ನಮ್ಮ ಕಾಸರಗೋಡಿನವರು.

ಎಡನೀರು ಮಠದ ಶ್ರೀ ಕೇಶವಾನಂದ ಭಾರತಿ ಸ್ವಾಮೀಜಿಯವರ ಹೆಸರನ್ನು ಕಾನೂನು ವಿದ್ಯಾರ್ಥಿಗಳು ಮೊದಲ ವರ್ಷದಲ್ಲಿಯೇ ಕಲಿಯುತ್ತಾರೆ. ಊರಿನವರಿಗೆ ಅವರು ಯಕ್ಷಗಾನಪ್ರಿಯರಾದ ಮಠಾಧಿಪತಿಗಳಾಗಿ ಹೆಚ್ಚು ಪರಿಚಿತರು. ಕೇರಳದ ಭೂಸುಧಾರಣಾ ಕಾಯಿದೆಯಿಂದ ಮಠದ ಭೂಮಿ ಕೈಬಿಡುವಂತಾದಾಗ 1970ರಲ್ಲಿ ಅವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಅಷ್ಟರಲ್ಲಿ ಮೂಲಭೂತ ಹಕ್ಕುಗಳನ್ನೂ ತಿದ್ದಬಲ್ಲೆನೆಂದು ಸಂಸತ್ತು ಹೊಸ ತಿದ್ದುಪಡಿಗಳನ್ನು ಮಾಡಿದ್ದರಿಂದ ಮಠದ ಅರ್ಜಿ ಇಡೀ ದೇಶದ ಪ್ರಶ್ನೆಯಾಯಿತು. ಹದಿಮೂವರು ನ್ಯಾಯಮೂರ್ತಿಗಳು 68 ದಿನಗಳ ಕಾಲ ವಾದವನ್ನು ಆಲಿಸಿದರು. 1973ರ ಏಪ್ರಿಲ್ 24ರಂದು 7-6ರ ಬಹುಮತದ ತೀರ್ಪು ಬಂದಿತು. ಸಂಸತ್ತು ಸಂವಿಧಾನದ ಯಾವ ವಿಧಿಯನ್ನಾದರೂ ತಿದ್ದಬಹುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ನಾಶಮಾಡುವಂತಿಲ್ಲ ಎಂಬುದು ಅದರ ಸಾರ. ಸ್ವಾಮೀಜಿಯವರು ಬಯಸಿದ್ದ ಪರಿಹಾರ ಅವರಿಗೆ ದೊರೆಯಲಿಲ್ಲ. ಭೂಸುಧಾರಣೆ ನಿಂತಿತು. 2020ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಅವರನ್ನು ಸಂವಿಧಾನದ ರಕ್ಷಕರೆಂದು ಸ್ಮರಿಸಿದವು.

ಭೂಸುಧಾರಣೆ ನಿಂತಿತೆಂಬ ಮಾತಿನ ಮೇಲಿಂದ ಬೇಗನೆ ದಾಟಿಹೋಗಬಾರದು. ಎಲ್ಲೆಯ ವಿರುದ್ಧದ ಅತ್ಯಂತ ಬಲವಾದ ವಾದ ಅಲ್ಲಿಯೇ ಇದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಕಾಯಿದೆಯನ್ನು ನೆನೆಯಿರಿ. ಕರಾವಳಿಯಲ್ಲಿ ತಲೆಮಾರುಗಳಿಂದ ಚಾಲಗೇಣಿಯ ಮೇಲೆ ಬೇಸಾಯ ಮಾಡಿ, ಬೆಳೆದದ್ದರಲ್ಲಿ ಬಹುಪಾಲನ್ನು ಧಣಿಗಳ ಅಂಗಳಕ್ಕೆ ಹೊತ್ತುಹಾಕುತ್ತಿದ್ದ ಕುಟುಂಬಗಳು ಡಿಕ್ಲರೇಶನ್ ಕೊಟ್ಟು ಗದ್ದೆಯ ಒಡೆಯರಾದವು. ಈ ಪುಟವನ್ನು ಓದುತ್ತಿರುವ ಎಷ್ಟೋ ಮನೆಗಳ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದ್ದು ಆ ಗದ್ದೆ, ತೋಟಗಳ ಬಲದಿಂದ. ಭೂಮಿ ಕಳೆದುಕೊಂಡ ಕ್ರೈಸ್ತ ಕುಟುಂಬಗಳೂ ಇವೆ, ಅವರ ನೋವೂ ಸುಳ್ಳಲ್ಲ. ಆಸ್ತಿಯ ಹಕ್ಕನ್ನು ಸರ್ಕಾರ ಮುಟ್ಟಲೇಬಾರದೆಂಬ ಎಲ್ಲೆಯಿದ್ದಿದ್ದರೆ ಉಳುವವನಿಗೆ ಭೂಮಿ ಬರುತ್ತಿರಲಿಲ್ಲ. ಆದ್ದರಿಂದ ಎಲ್ಲೆ ಎಂದ ಕೂಡಲೇ ಅದು ನ್ಯಾಯದ ಪರವೆಂದು ತಿಳಿಯಬೇಕಾಗಿಲ್ಲ. ಇರುವವರ ಸುತ್ತ ಕಟ್ಟಿದ ಕೋಟೆಯೂ ಎಲ್ಲೆಯ ಹೆಸರಿನಲ್ಲಿ ನಿಲ್ಲಬಲ್ಲದು. ಕೇಶವಾನಂದ ತೀರ್ಪಿನ ಹಿರಿಮೆಯಿರುವುದು ಇದನ್ನು ಬಿಡಿಸಿ ನೋಡಿದ್ದರಲ್ಲಿ. ಬಡವನಿಗಾಗಿ ಗೆರೆಯನ್ನು ಸರಿಸಲು ಜಾಗವಿಟ್ಟು, ಗೆರೆಯನ್ನೇ ಅಳಿಸಲು ಜಾಗ ಕೊಡಲಿಲ್ಲ.

ಎರಡೇ ವರ್ಷಗಳಲ್ಲಿ ಅದರ ಪರೀಕ್ಷೆಯಾಯಿತು. 1971ರ ಲೋಕಸಭಾ ಚುನಾವಣೆಯಲ್ಲಿ ಆಡಳಿತ ಪಕ್ಷ ಪಡೆದಿದ್ದ ಮತಗಳು ಶೇಕಡ 43.7, ಸ್ಥಾನಗಳು 518ರಲ್ಲಿ 352. ಎಣಿಕೆಯ ಕ್ರಮವು ಅರ್ಧಕ್ಕಿಂತ ಕಡಿಮೆ ಜನರ ಬೆಂಬಲವನ್ನು ಮೂರನೆಯ ಎರಡಕ್ಕಿಂತ ಹೆಚ್ಚಿನ ಸ್ಥಾನಬಲವಾಗಿ ಪರಿವರ್ತಿಸಿತ್ತು. ಸಂವಿಧಾನವನ್ನು ತಿದ್ದಲು ಬೇಕಾಗುವುದು ಹಾಜರಿದ್ದು ಮತ ನೀಡುವವರ ಮೂರನೆಯ ಎರಡರಷ್ಟು ಮತ. ಎಣಿಕೆಯ ಪ್ರಶ್ನೆ ಎಲ್ಲೆಯ ಪ್ರಶ್ನೆಯನ್ನು ತಾಗುವುದು ಈ ಸ್ಥಳದಲ್ಲಿ. 1975ರಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದ ಮೇಲೆ, ವಿರೋಧ ಪಕ್ಷಗಳ ಅನೇಕ ಸದಸ್ಯರು ಸೆರೆಯಲ್ಲಿದ್ದಾಗಲೇ, ಪ್ರಧಾನಿಯವರ ಚುನಾವಣೆಯನ್ನು ನ್ಯಾಯಾಲಯ ವಿಚಾರಿಸದಂತೆ 39ನೆಯ ತಿದ್ದುಪಡಿಯಾಯಿತು. 1976ರ 42ನೆಯ ತಿದ್ದುಪಡಿಯು ಲೋಕಸಭೆಯ ಅವಧಿಯನ್ನು 5ರಿಂದ 6 ವರ್ಷಕ್ಕೆ ಏರಿಸಿತು, ಸಂಸತ್ತಿನ ತಿದ್ದುಪಡಿ ಅಧಿಕಾರಕ್ಕೆ ಯಾವ ಮಿತಿಯೂ ಇಲ್ಲವೆಂದು ಸಾರಿತು. ಮಿತಿಯಿಲ್ಲವೆಂಬ ಆ ಸಾಲುಗಳನ್ನು 1980ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೊಡೆದುಹಾಕಿತು. ಆ ಮೊಕದ್ದಮೆಗೆ ಹೆಸರು ಕೊಟ್ಟದ್ದು ಬೆಂಗಳೂರಿನ ಬಟ್ಟೆ ಗಿರಣಿ, ಮಿನರ್ವ ಮಿಲ್ಸ್.

ತುರ್ತು ಪರಿಸ್ಥಿತಿಯನ್ನು ಒಳ್ಳೆಯ ಕಾಲವೆಂದು ನೆನೆಯುವ ಹಿರಿಯರು ನಮ್ಮಲ್ಲಿದ್ದಾರೆ. ರೈಲುಗಳು ಹೊತ್ತಿಗೆ ಸರಿಯಾಗಿ ಬರುತ್ತಿದ್ದವು, ಕಚೇರಿಗಳಲ್ಲಿ ಗುಮಾಸ್ತರು ಕುರ್ಚಿಯಲ್ಲಿರುತ್ತಿದ್ದರು, ಭೂ ನ್ಯಾಯಮಂಡಳಿಗಳು ಕೆಲಸ ಮಾಡುತ್ತಿದ್ದವು ಎನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕುವುದಿಲ್ಲ. ಅದೇ ಕಾಲದಲ್ಲಿ ಬೆಂಗಳೂರಿನ ಕಥೋಲಿಕ ಕುಟುಂಬವೊಂದರ ಮಗ ಲಾರೆನ್ಸ್ ಫೆರ್ನಾಂಡಿಸ್ ಅವರನ್ನು, ತಲೆಮರೆಸಿಕೊಂಡಿದ್ದ ಅವರ ಅಣ್ಣ ಜಾರ್ಜ್ ಫೆರ್ನಾಂಡಿಸ್ ಎಲ್ಲಿದ್ದಾರೆಂದು ತಿಳಿಯುವುದಕ್ಕಾಗಿ 1976ರ ಮೇ ತಿಂಗಳಲ್ಲಿ ಪೊಲೀಸರು ಹಿಡಿದು ಚಿತ್ರಹಿಂಸೆಗೆ ಗುರಿಪಡಿಸಿದರು. ತಾಯಿ ಆಲಿಸ್ ಫೆರ್ನಾಂಡಿಸ್ ರಾಷ್ಟ್ರಪತಿಗಳಿಗೆ ಪತ್ರ ಬರೆದರು. ಬೇರಾವ ಬಾಗಿಲನ್ನು ತಟ್ಟಬಹುದಿತ್ತು? ಕೆಲವೇ ದಿನಗಳ ಹಿಂದೆ, ಏಪ್ರಿಲ್ 28ರಂದು, ತುರ್ತು ಪರಿಸ್ಥಿತಿಯಲ್ಲಿ ಅಕ್ರಮ ಬಂಧನವನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಗುವ ಹಕ್ಕು ಯಾರಿಗೂ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 4-1ರ ಬಹುಮತದಿಂದ ಹೇಳಿತ್ತು. ಒಪ್ಪದಿದ್ದ ಆ ಒಬ್ಬರು ನ್ಯಾಯಮೂರ್ತಿ ಎಚ್.ಆರ್. ಖನ್ನಾ. ಮುಂದೆ ಮುಖ್ಯ ನ್ಯಾಯಮೂರ್ತಿಯಾಗುವ ಸರದಿ ಅವರದಾಗಿತ್ತು. ಅವರನ್ನು ದಾಟಿ ಕಿರಿಯರನ್ನು ನೇಮಿಸಿದಾಗ 1977ರಲ್ಲಿ ಅವರು ರಾಜೀನಾಮೆ ಕೊಟ್ಟರು.

ಎಲ್ಲೆಯ ಕಾವಲುಗಾರರಾದ ನ್ಯಾಯಾಲಯಗಳೂ ಸೋಲುತ್ತವೆ ಎಂಬುದನ್ನು ಇದರಿಂದ ಒಪ್ಪಿಕೊಳ್ಳಲೇಬೇಕು. ಏಳು ಮಂದಿಯ ಎದುರಿಗೆ ಆರು ಮಂದಿ ಎಂಬ ಕೂದಲೆಳೆಯ ಅಂತರದಿಂದ ಉಳಿದ ಎಲ್ಲೆ ಅದು. ಯಾರೂ ಚುನಾಯಿಸದ ಕೆಲವರು ಜನರು ಆರಿಸಿದ ಸಂಸತ್ತನ್ನು ತಡೆಯುವುದು ಸರಿಯೇ ಎಂಬ ಪ್ರಶ್ನೆಯೂ ಹುರುಳಿಲ್ಲದ್ದಲ್ಲ. 1976ರ ಆ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯ ಸ್ಪಷ್ಟವಾಗಿ ರದ್ದುಗೊಳಿಸಿದ್ದು 2017ರಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ನಲವತ್ತೊಂದು ವರ್ಷ ಹಿಡಿಯಿತು. ಆಗ ಸರ್ಕಾರವನ್ನು ಬದಲಾಯಿಸಿದವರು ನ್ಯಾಯಾಧೀಶರಲ್ಲ, 1977ರಲ್ಲಿ ಮತ ಹಾಕಿದ ಸಾಮಾನ್ಯ ಜನರು. ಅದೂ ನಾನು ಮೇಲೆ ದೂರಿದ ಹಳೆಯ ಎಣಿಕೆಯ ಕ್ರಮದಲ್ಲಿಯೇ. ಆಳುವವರನ್ನು ಒಂದೇ ಏಟಿಗೆ ಕೆಳಗಿಳಿಸುವ ಶಕ್ತಿ ಆ ಕ್ರಮಕ್ಕಿದೆಯೆಂಬುದನ್ನು ಅದರ ಟೀಕಾಕಾರರು ಮರೆಯಬಾರದು.

ಆದರೂ ಯಾವ ಎಣಿಕೆಯೂ ಕಾಪಾಡಲಾರದ ಜನರಿದ್ದಾರೆ. 1985ರಲ್ಲಿ ಕೇರಳದ ಶಾಲೆಯೊಂದರಿಂದ ಮೂವರು ಮಕ್ಕಳನ್ನು ಹೊರಹಾಕಲಾಯಿತು. ಅವರು ಯೆಹೋವನ ಸಾಕ್ಷಿಗಳೆಂಬ ಪಂಥಕ್ಕೆ ಸೇರಿದವರು. ರಾಷ್ಟ್ರಗೀತೆಯ ಹೊತ್ತಿನಲ್ಲಿ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ತಮ್ಮ ನಂಬಿಕೆ ಅದಕ್ಕೆ ಒಪ್ಪುವುದಿಲ್ಲವೆಂಬುದು ಅವರ ಅಳಲು. ಆ ಪಂಥದ ಬೋಧನೆಗಳನ್ನು ನಮ್ಮ ಧರ್ಮಸಭೆ ಒಪ್ಪುವುದಿಲ್ಲ, ನಮ್ಮ ಮಕ್ಕಳು ರಾಷ್ಟ್ರಗೀತೆಯನ್ನು ಸಂತೋಷದಿಂದ ಹಾಡುತ್ತಾರೆ. ಅಂದು ಮತಕ್ಕೆ ಹಾಕಿದ್ದರೆ ಆ ಮಕ್ಕಳ ಪರವಾಗಿ ನಮ್ಮಲ್ಲಿ ಎಷ್ಟು ಕೈಗಳು ಮೇಲೇಳುತ್ತಿದ್ದವು? ಪ್ರಮಾಣಾನುಗುಣ ಪ್ರಾತಿನಿಧ್ಯದಲ್ಲಿ ಮೂವರು ಮಕ್ಕಳಿಗೆ ಎಷ್ಟು ಸ್ಥಾನ? 1986ರ ಆಗಸ್ಟ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅವರನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳುವಂತೆ ಆಜ್ಞಾಪಿಸಿತು. 1949ರಲ್ಲಿ ಮುಖರ್ಜಿಯವರೂ ಜೆರೋಮ್ ಡಿಸೋಜರೂ ಸ್ಥಾನಗಳಿಗೆ ಬದಲಾಗಿ ಆರಿಸಿಕೊಂಡದ್ದು ಇದನ್ನೇ. ನಾವು ಅದನ್ನು ನಮಗಾಗಿ ಪಡೆದೆವೆಂದು ತಿಳಿದಿದ್ದೆವು. ಅದು ನಮಗೆ ಒಗ್ಗದವರ ಉಪಯೋಗಕ್ಕೂ ಬಂದಿತು.

ಹಾಗಾದರೆ ಎಣಿಕೆಯ ಸುಧಾರಣೆ ಬೇಡವೇ? ಬೇಕೆಂದೇ ನನ್ನ ಅಭಿಪ್ರಾಯ. ಸಮುದಾಯಕ್ಕೊಂದು ಪಕ್ಷ, ಪಕ್ಷಕ್ಕೆ ನಾಲ್ಕು ಸ್ಥಾನ ಎಂಬ ಆಸೆಯಿಂದಲ್ಲ. ಸಮುದಾಯಗಳು ತಮ್ಮ ತಮ್ಮ ಪಟ್ಟಿಗಳೊಳಗೆ ಬಾಗಿಲು ಹಾಕಿಕೊಂಡರೆ ನಮ್ಮ ಓಣಿಯ ನೆರೆಯವರ ಮತ ಕೇಳುವ ಅಗತ್ಯವೇ ಉಮೇದುವಾರರಿಗೆ ಉಳಿಯದು, ಅದು ಸಣ್ಣವರಿಗೇ ಹೆಚ್ಚಿನ ನಷ್ಟ. ಸುಧಾರಣೆ ಬೇಕಾಗಿರುವುದು, ನೂರಕ್ಕೆ 40 ಮಂದಿಯ ಬೆಂಬಲದಿಂದ ಸಂವಿಧಾನವನ್ನೇ ತಿದ್ದುವ ಬಲ ಯಾರ ಕೈಗೂ ಸಿಗದಿರಲೆಂಬುದಕ್ಕಾಗಿ. ಕಾನೂನು ಆಯೋಗವು 1999ರ ತನ್ನ 170ನೆಯ ವರದಿಯಲ್ಲಿ, ಈಗಿರುವ ಕ್ಷೇತ್ರಗಳನ್ನು ಹಾಗೆಯೇ ಉಳಿಸಿಕೊಂಡು, ಲೋಕಸಭೆಯ ಸ್ಥಾನಗಳನ್ನು ಶೇಕಡ 25ರಷ್ಟು ಹೆಚ್ಚಿಸಿ, ಆ ಹೆಚ್ಚುವರಿ ಸ್ಥಾನಗಳನ್ನು ಪಕ್ಷಗಳ ಮತಪ್ರಮಾಣಕ್ಕೆ ಅನುಗುಣವಾಗಿ ತುಂಬಬಹುದೆಂದು ಸಲಹೆ ಮಾಡಿತು. 2015ರ 255ನೆಯ ವರದಿಯಲ್ಲಿ ಮಿಶ್ರ ಪದ್ಧತಿಯ ಮಾತನ್ನು ಮತ್ತೆ ಎತ್ತಿತು. ಪೂರ್ಣ ನ್ಯಾಯವಲ್ಲದಿದ್ದರೂ ಇದು ನಡೆಸಲಾಗದ ಮಾತಲ್ಲ.

ನ್ಯೂಜಿಲೆಂಡಿನವರು ಇದಕ್ಕಿಂತ ಮುಂದೆ ಹೋದರು. ಅಲ್ಲಿ ಮೇಲ್ಮನೆಯಿಲ್ಲ, ಸಂಸತ್ತಿನ ಕಾನೂನನ್ನು ರದ್ದುಮಾಡುವ ಅಧಿಕಾರ ನ್ಯಾಯಾಲಯಗಳಿಗಿಲ್ಲ. ಅಂದರೆ ಎಲ್ಲೆಯೇ ಇಲ್ಲದ ಸರ್ಕಾರ. 1978ರಲ್ಲಿಯೂ 1981ರಲ್ಲಿಯೂ ಹೆಚ್ಚು ಮತ ಪಡೆದ ಪಕ್ಷ ಸೋತಿತು. 1981ರಲ್ಲಿ ಶೇಕಡ 20ಕ್ಕೂ ಹೆಚ್ಚು ಮತ ಪಡೆದ ಮೂರನೆಯ ಪಕ್ಷಕ್ಕೆ ದೊರೆತದ್ದು ಎರಡೇ ಸ್ಥಾನ. ನಂತರ ಬಂದ ಎರಡೂ ಪಕ್ಷಗಳ ಸರ್ಕಾರಗಳು ಚುನಾವಣೆಯಲ್ಲಿ ಹೇಳದ ಆರ್ಥಿಕ ಕ್ರಮಗಳನ್ನು ಜನರ ಮೇಲೆ ಹೇರಿದಾಗ ಜನ ರೋಸಿಹೋದರು. 1993ರ ಜನಮತಗಣನೆಯಲ್ಲಿ ಶೇಕಡ 53.9ರಷ್ಟು ಮಂದಿ ಮಿಶ್ರ ಪದ್ಧತಿಯನ್ನು ಆರಿಸಿದರು, 1996ರಿಂದ ಅದು ನಡೆದುಬಂದಿದೆ. ಎಲ್ಲೆಯಿಲ್ಲದ ಕಡೆ ಎಣಿಕೆಯನ್ನೇ ಎಲ್ಲೆಯನ್ನಾಗಿ ಮಾಡಿಕೊಂಡರು. ನಮ್ಮಲ್ಲಿ ಹಾಗೆ ಜನಮತಗಣನೆಯಿಂದ ತೀರ್ಮಾನಿಸುವ ಏರ್ಪಾಟು ಸಂವಿಧಾನದಲ್ಲಿಲ್ಲ. ಹಳೆಯ ಕ್ರಮದಿಂದ ಗೆದ್ದವರೇ ಅದನ್ನು ಬದಲಿಸಬೇಕು. ಗೆದ್ದವರಿಗೆ ಆ ಅವಸರವಿರುವುದಿಲ್ಲ, ಸೋತವರಿಗೆ ಆ ಬಲವಿರುವುದಿಲ್ಲ. ವರದಿಗಳು ಕಪಾಟಿನಲ್ಲಿ ಉಳಿಯುವುದು ಹೀಗೆಯೇ.

ಮುಂದಿನ ಚುನಾವಣೆಗೆ ಮುನ್ನ ಒಂದು ಭಾನುವಾರ ಬಲಿಪೂಜೆ ಮುಗಿಯುವ ಹೊತ್ತಿಗೆ ಉಮೇದುವಾರರು ನಿಮ್ಮ ಚರ್ಚಿನ ಅಂಗಳದಲ್ಲಿ ಕೈಮುಗಿದು ನಿಂತಿರುತ್ತಾರೆ. ಸಮಾಧಿ ಸ್ಥಳಕ್ಕೆ ಆವರಣ ಗೋಡೆ, ಶಾಲೆಯ ದಾರಿಗೆ ಡಾಂಬರು ಎಂದು ನಾವು ಮನವಿ ಕೊಡುತ್ತೇವೆ, ಅವರು ಮಾಡಿಸಿಕೊಡುತ್ತೇನೆನ್ನುತ್ತಾರೆ. ಮನವಿ ಕೊಡಿ, ತಪ್ಪಿಲ್ಲ. ಜೊತೆಗೆ ಇನ್ನೊಂದನ್ನೂ ಕೇಳಿ: ನಿಮ್ಮ ಪಕ್ಷಕ್ಕೆ ಮೂರನೆಯ ಎರಡರಷ್ಟು ಸ್ಥಾನಗಳು ಬಂದರೆ, ನಿಮಗೆ ಮನಸ್ಸಿದ್ದರೂ ನೀವು ಮಾಡದೆ ಬಿಡುವ ಕೆಲಸ ಯಾವುದು? ನಮಗೆ ಇಷ್ಟವಾದ ಪಕ್ಷದವರನ್ನೇ ಮೊದಲು ಕೇಳಿ. ಅವರು ಉತ್ತರಕ್ಕೆ ತಡವರಿಸಿದರೆ ಅಚ್ಚರಿಪಡಬೇಡಿ, ಬಹುಶಃ ಅಲ್ಲಿಯವರೆಗೆ ಯಾರೂ ಅವರನ್ನು ಹಾಗೆ ಕೇಳಿರಲಾರರು.